ಊರಿನ ಉಳಿತಾಯ, ಊರಿನ ಉದ್ಯಮ

ಕೆಲವು ವರ್ಷಗಳಿಗೊಮ್ಮೆ ಬೆಂಗಳೂರಿನ ಅರಮನೆಯ ಆವರಣದಲ್ಲಿ, ದೇಶವಿದೇಶಗಳ ಬಂಡವಾಳಗಾರರನ್ನು ಆಮಂತ್ರಿಸಿ, ದೀಪಾಲಂಕಾರ ಪುಷ್ಪಾಲಂಕಾರಗಳೊಡನೆ ನಡೆಯತಕ್ಕ ಹೂಡಿಕೆದಾರರ ಸಮಾವೇಶವು ಈಗ ನಮ್ಮ ಸಾರ್ವಜನಿಕ ಜೀವನದಲ್ಲಿ ಒಂದು ನೈಮಿತ್ತಿಕ ಉತ್ಸವದ ಸ್ಥಾನವನ್ನು ಪಡೆದುಕೊಂಡಿದೆ. 2025ರ ಫೆಬ್ರವರಿಯಲ್ಲಿ ನಡೆದ ಸಮಾವೇಶದ ಕೊನೆಗೆ 10 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲಾದ ಹೂಡಿಕೆಯ ವಾಗ್ದಾನ ದೊರೆಯಿತೆಂದೂ, ಅದರ ಬಹುಭಾಗವು ಬೆಂಗಳೂರಿನ ಹೊರಗಣ ಜಿಲ್ಲೆಗಳಿಗೆ ಸಲ್ಲುವುದೆಂದೂ ಸರ್ಕಾರವು ಪ್ರಕಟಿಸಿತು. ಆ ವಾಗ್ದಾನಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ; ದೊಡ್ಡ ಕಾರ್ಖಾನೆಗಳು ಬರಲಿ, ಬಂದು ನೆಲೆಗೊಳ್ಳಲಿ. ಆದರೆ ಹೊರಗಿನಿಂದ ಬರತಕ್ಕ ಬಂಡವಾಳವನ್ನು ಇಷ್ಟು ವಿಜೃಂಭಣೆಯಿಂದ ಇದಿರುಗೊಳ್ಳುವ ನಾವು, ನಮ್ಮ ಜಿಲ್ಲೆಗಳ ಒಳಗೆ ದಿನದಿನವೂ ಹುಟ್ಟಿ, ಆ ಜಿಲ್ಲೆಗಳಿಗೆ ಉಪಯೋಗವಾಗದೆಯೇ ಹೊರಗೆ ಹರಿದುಹೋಗುತ್ತಿರುವ ಬಂಡವಾಳದ ವಿಷಯದಲ್ಲಿ ಏಕೆ ಇಷ್ಟು ಉದಾಸೀನರಾಗಿದ್ದೇವೆಂಬ ಪ್ರಶ್ನೆಯನ್ನು ಎತ್ತಬೇಕಾಗಿದೆ.

ಪ್ರಾದೇಶಿಕ ಅಸಮತೋಲನವೆಂಬುದು ಕರ್ನಾಟಕಕ್ಕೆ ಹೊಸ ಮಾತಲ್ಲ. ಪ್ರೊಫೆಸರ್ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು, ಆಗ ಇದ್ದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿ, ಅವನ್ನು ಮೇಲೆತ್ತಲು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವೆಚ್ಚ ಮಾಡಬೇಕೆಂದು ಸೂಚಿಸಿತು. ಅತ್ಯಂತ ಹಿಂದುಳಿದ ಆ 39ರಲ್ಲಿ 26 ಉತ್ತರ ಕರ್ನಾಟಕದವು, 13 ದಕ್ಷಿಣದವು. ಅಂದರೆ ಹಿಂದುಳಿದಿರುವಿಕೆಯು ಯಾವುದೋ ಒಂದು ದಿಕ್ಕಿನ ಸ್ವತ್ತಾಗಿರಲಿಲ್ಲವೆಂಬ ಸೂಕ್ಷ್ಮವನ್ನೂ ಆ ವರದಿ ತೋರಿಸಿಕೊಟ್ಟಿತ್ತು. ತರುವಾಯ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಅವಕಾಶಗಳನ್ನು ಕಲ್ಪಿಸುವ 371ಜೆ ವಿಧಿಯು ಸಂವಿಧಾನದಲ್ಲಿ ಸೇರಿತು. ಆ ಪ್ರದೇಶವು ಕಲ್ಯಾಣ ಕರ್ನಾಟಕವೆಂಬ ನೂತನ ನಾಮಧೇಯವನ್ನು ಪಡೆಯಿತು. 2024ರಲ್ಲಿ ಪ್ರೊಫೆಸರ್ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯೂ ರಚಿತವಾಯಿತು. ರಸ್ತೆ, ಶಾಲೆ, ಆಸ್ಪತ್ರೆ, ನೀರಾವರಿಗಳ ಕೊರತೆಯನ್ನು ಈ ಸಮಿತಿಗಳು ಅಳೆಯಬಲ್ಲವು. ಅಳೆದುದನ್ನು ಸರ್ಕಾರವು ಮನಸ್ಸಿದ್ದರೆ ತುಂಬಲೂ ಬಲ್ಲದು. ಆದರೆ ಒಂದು ಪೇಟೆಯಲ್ಲಿ ಹತ್ತು ಜನಕ್ಕೆ ಕೆಲಸ ಕೊಡತಕ್ಕ ಎರಕದ ಮನೆಯೊ ಹೊಲಿಗೆಯ ಘಟಕವೊ ಎಣ್ಣೆಯ ಗಾಣವೊ ಏಕೆ ಹುಟ್ಟಿತು, ಹುಟ್ಟಿದ್ದು ಏಕೆ ಬೆಳೆಯಲಿಲ್ಲ, ಬೆಳೆದದ್ದು ಏಕೆ ಊರು ಬಿಟ್ಟಿತು ಎಂಬುದಕ್ಕೆ ತಾಲ್ಲೂಕು ಸೂಚ್ಯಂಕಗಳಲ್ಲಿ ಉತ್ತರ ದೊರೆಯಲಾರದು.

ನನ್ನ ಮಟ್ಟಿಗೆ ಆ ಉತ್ತರದ ಬಹುಭಾಗವು ಎರಡು ನೆರೆಹೊರೆಗಳಲ್ಲಿ ಅಡಗಿದೆ. ಸಣ್ಣ ಉದ್ಯಮಿಗೆ ಅವನನ್ನು ಬಲ್ಲ ಸಾಲಿಗನೊಬ್ಬನು ಹತ್ತಿರದಲ್ಲಿರಬೇಕು; ಅವನ ಸರಕನ್ನು ಕೊಂಡು ಹೊತ್ತಿಗೆ ಸರಿಯಾಗಿ ಹಣ ಕೊಡತಕ್ಕ ಗ್ರಾಹಕನೊಬ್ಬನು ಹತ್ತಿರದಲ್ಲಿರಬೇಕು. ಈ ಎರಡೂ ಇದ್ದೆಡೆಯಲ್ಲಿ ಸಹಾಯಧನವಿಲ್ಲದೆಯೂ ಉದ್ಯಮಗಳು ಬೆಳೆದಿವೆ. ಇಲ್ಲದೆಡೆಯಲ್ಲಿ ಸಹಾಯಧನದ ಮಳೆಗರೆದರೂ ಕೈಗಾರಿಕಾ ವಸಾಹತುಗಳ ನಿವೇಶನಗಳಲ್ಲಿ ಜಾಲಿಯ ಗಿಡಗಳು ಬೆಳೆದಿವೆ.

ಮೊದಲನೆಯದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಜರ್ಮನಿಗೊ ಜಪಾನಿಗೊ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯೇ ಸಾಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತದ ಒಂದು ಮೂಲೆಯ ಜಿಲ್ಲೆ. ಬೆನ್ನಿಗೆ ಘಟ್ಟ, ಮುಂದೆ ಕಡಲು. ರಾಜಧಾನಿಯ ಕಣ್ಣಿಗೆ ಬೀಳದ ದೂರ. ಸರ್ಕಾರದ ವಿಶೇಷ ಕೃಪೆಯೇನೂ ಇಲ್ಲ. ಅಂಥ ಜಿಲ್ಲೆಯಲ್ಲಿ 1906ರ ಒಂದೇ ವರ್ಷದಲ್ಲಿ ಎರಡು ಹಣಕಾಸಿನ ಸಂಸ್ಥೆಗಳು ಜನಿಸಿದವು. ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿಯು ಮುಂದೆ ಕೆನರಾ ಬ್ಯಾಂಕಾಯಿತು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಆರಂಭವಾದ ಸಂಸ್ಥೆಯು ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಅವನ್ನು ಹಿಂಬಾಲಿಸಿದವು. 1969ರಲ್ಲಿಯೂ 1980ರಲ್ಲಿಯೂ ರಾಷ್ಟ್ರೀಕರಣಗೊಂಡ ಒಟ್ಟು 20 ಬ್ಯಾಂಕುಗಳಲ್ಲಿ ನಾಲ್ಕು ಈ ಒಂದೇ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದವುಗಳೆಂಬುದನ್ನು ನೆನೆದರೆ, ಇದನ್ನು ಕೇವಲ ಆಕಸ್ಮಿಕವೆಂದು ಬದಿಗೆ ತಳ್ಳಲು ಮನಸ್ಸು ಬಾರದು.

ಇವುಗಳಲ್ಲಿ ಸಿಂಡಿಕೇಟ್ ಬ್ಯಾಂಕಿನ ಜನ್ಮವೃತ್ತಾಂತವು ನಮ್ಮ ಪ್ರಕೃತ ವಿಷಯಕ್ಕೆ ಅತ್ಯಂತ ಸಮೀಪವಾದುದು. ಕೈಮಗ್ಗದ ನೇಕಾರರು ಸಂಕಟಕ್ಕೆ ಸಿಕ್ಕಿದ್ದ ಕಾಲದಲ್ಲಿ, ಅವರಿಗೆ ಕೈಹಿಡಿಯತಕ್ಕ ಒಂದು ಸಂಸ್ಥೆ ಬೇಕೆಂದು, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಡಾಕ್ಟರ್ ಟಿ.ಎಂ.ಎ. ಪೈ ಈ ಮೂವರು ಸೇರಿ 8,000 ರೂಪಾಯಿಗಳ ಮೂಲಧನದಿಂದ ಅದನ್ನು ಉಡುಪಿಯಲ್ಲಿ ಸ್ಥಾಪಿಸಿದರು. ವ್ಯಾಪಾರಿ, ಎಂಜಿನಿಯರು, ವೈದ್ಯ: ಊರಿನ ಜೇಬನ್ನೂ ಯಂತ್ರವನ್ನೂ ನಾಡಿಯನ್ನೂ ಬಲ್ಲ ಮೂವರು. ಮೂರು ವರ್ಷಗಳ ಬಳಿಕ, 1928ರಲ್ಲಿ, ಅವರು ಪಿಗ್ಮಿ ಠೇವಣಿಯೆಂಬ ಉಪಾಯವನ್ನು ಜಾರಿಗೆ ತಂದರು. ಬ್ಯಾಂಕಿನ ಏಜೆಂಟನು ದಿನವೂ ಮನೆಬಾಗಿಲಿಗೆ ಅಂಗಡಿಬಾಗಿಲಿಗೆ ಹೋಗಿ, ಎರಡಾಣೆಯಷ್ಟು ಅಲ್ಪ ಮೊತ್ತವನ್ನಾದರೂ ಸರಿಯೆ, ಸ್ವೀಕರಿಸಿ ಬರೆದುಕೊಂಡು ಬರುವುದು. ಇಂದು ರಾಜ್ಯದ ಯಾವ ಪೇಟೆಯ ಹೂವಿನಂಗಡಿಯವಳನ್ನು ಕೇಳಿದರೂ ಪಿಗ್ಮಿ ಎಂದರೇನೆಂದು ವಿವರಿಸಬೇಕಾಗಿಲ್ಲ.

ಪಿಗ್ಮಿಯನ್ನು ಉಳಿತಾಯದ ಯೋಜನೆಯೆಂದೇ ಎಲ್ಲರೂ ಕೊಂಡಾಡುತ್ತಾರೆ. ಅದು ನಿಜವೇ, ಆದರೆ ಅರ್ಧ ನಿಜ. ಪ್ರತಿದಿನ ಸಂಜೆ ಒಂದೇ ಅಂಗಡಿಯ ಮುಂದೆ ನಿಂತು, ಅವನು ಇಂದು ಎಷ್ಟು ಕೊಟ್ಟ, ಮಳೆಗಾಲದಲ್ಲಿ ಎಷ್ಟು ಕೊಡುತ್ತಾನೆ, ಜಾತ್ರೆಯ ತಿಂಗಳಿನಲ್ಲಿ ಎಷ್ಟು, ಮನೆಯಲ್ಲಿ ಕಾಯಿಲೆಯಾದಾಗ ಎಷ್ಟು ಎಂಬುದನ್ನು ವರ್ಷಗಟ್ಟಲೆ ಕಂಡ ಏಜೆಂಟನ ತಲೆಯಲ್ಲಿ, ಆ ವ್ಯಾಪಾರಿಯ ಯೋಗ್ಯತೆಯನ್ನು ಕುರಿತ ಎಂತಹ ದಾಖಲೆಯಿದ್ದೀತು! ಅವನಿಗೆ ಸಾಲ ಕೊಡಬಹುದೆ, ಕೊಟ್ಟರೆ ಎಷ್ಟು, ಯಾವ ತಿಂಗಳಿನಲ್ಲಿ ಕಂತು ಕೇಳಬೇಕು, ಯಾವ ತಿಂಗಳಿನಲ್ಲಿ ತಾಳ್ಮೆಯಿಂದಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಆ ದಾಖಲೆಯೇ ಉತ್ತರ. ಅಡಮಾನಕ್ಕೆ ಆಸ್ತಿಯಿಲ್ಲದವನಿಗೆ ಅವನ ನಡತೆಯೇ ಅಡಮಾನವಾಗಬಹುದಾದ ಒಂದು ವ್ಯವಸ್ಥೆಯನ್ನು ಅವರು ಹಾಗೆ ಸಿದ್ಧಪಡಿಸಿದರು. ಜಿಲ್ಲೆಯ ಎರಡಾಣೆಗಳು ಒಟ್ಟುಗೂಡಿ ಜಿಲ್ಲೆಯ ಮಗ್ಗಕ್ಕೂ ಅಂಗಡಿಗೂ ಹೋಟೆಲಿಗೂ ಹಂಚಿನ ಕಾರ್ಖಾನೆಗೂ ಹಿಂತಿರುಗಿದವು.

ಹಳೆಯದೆಲ್ಲವೂ ಚಿನ್ನವೆಂಬ ಭ್ರಾಂತಿ ನನಗಿಲ್ಲ. ಬಲ್ಲವರಿಗೆ ಸಾಲ ಕೊಡುವುದೆಂದರೆ ಬಳಗದವರಿಗೆ ಕೊಡುವುದೆಂದು ಅರ್ಥೈಸಿಕೊಂಡ ಸಂಸ್ಥೆಗಳೂ ಇದ್ದವು. ಜಾತಿಯ ಎಲ್ಲೆಯೇ ಪರಿಚಯದ ಎಲ್ಲೆಯಾಗಿದ್ದ ಕಾಲವದು. ಆ ಸಣ್ಣ ಬ್ಯಾಂಕುಗಳಲ್ಲಿ ಎಷ್ಟೋ ಮುಳುಗಿದವು, ಎಷ್ಟೋ ದೊಡ್ಡವುಗಳಲ್ಲಿ ವಿಲೀನವಾದವು. ಸಹಕಾರ ಸಂಘಗಳ ಕತೆಯೂ ಅಷ್ಟೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹುಟ್ಟುಹಾಕಿದ ಸಹಕಾರ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂಬ ಕೀರ್ತಿ ನಮ್ಮದು. ಅದೇ ನಾಡಿನಲ್ಲಿ ಇಂದು ಠೇವಣಿದಾರರು ಕಣ್ಣೀರಿಟ್ಟು ಸಂಘದ ಮುಚ್ಚಿದ ಬಾಗಿಲಿನ ಮುಂದೆ ಕುಳಿತ ಚಿತ್ರವೂ ಪತ್ರಿಕೆಗಳಲ್ಲಿ ಅಪೂರ್ವವಲ್ಲ. ಪರಿಚಯದ ಜೊತೆಗೆ ಲೆಕ್ಕಪರಿಶೋಧನೆಯೂ ಬೇಕು. ಆದರೆ ಲೆಕ್ಕಪರಿಶೋಧನೆಯ ಹೆಸರಿನಲ್ಲಿ ಪರಿಚಯವನ್ನೇ ತೊಡೆದುಹಾಕುವುದು ಬೇರೆಯ ಮಾತು. ಕಳೆದ ದಶಕದಲ್ಲಿ ನಾವು ಮಾಡಿದ್ದು ಹೆಚ್ಚುಕಡಮೆ ಅದನ್ನೇ.

2017ರ ಏಪ್ರಿಲ್ 1ರಂದು, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ 1913ರಲ್ಲಿ ಜನಿಸಿದ್ದ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ ಕರಗಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷದ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ ಸಂದುವು. ಕರಾವಳಿಯಲ್ಲಿ ಆಗ ಕೇಳಿಬಂದ ವಿಷಾದವನ್ನು ಬೆಂಗಳೂರಿನ ಕೆಲವು ವಿಚಾರವಂತರು ಹಳೆಯ ಅಭಿಮಾನದ ಪ್ರಲಾಪವೆಂದು ಕಡೆಗಣಿಸಿದರು. ಹೆಸರಿನ ಫಲಕ ಹೋದುದಕ್ಕೆ ನಾನೂ ಬಹಳ ಮರುಗಲಾರೆ. ಮರುಗಬೇಕಾದುದು, ಪ್ರಧಾನ ಕಚೇರಿಯೊಡನೆ ಹೊರಟುಹೋದ ನಿರ್ಧಾರದ ಅಧಿಕಾರಕ್ಕಾಗಿ. ಇಂದು ತಾಲ್ಲೂಕು ಕೇಂದ್ರವೊಂದರ ಶಾಖಾ ವ್ಯವಸ್ಥಾಪಕರು ಎಷ್ಟೇ ಸಜ್ಜನರಾಗಿರಲಿ, ಅವರು ಮೂರು ವರ್ಷಕ್ಕೊಮ್ಮೆ ವರ್ಗವಾಗತಕ್ಕವರು. ಅನೇಕ ವೇಳೆ ಊರಿನ ಭಾಷೆಯನ್ನು ಆಗತಾನೆ ಕಲಿಯುತ್ತಿರುವವರು. ಸಾಲದ ಅರ್ಜಿಯನ್ನು ಸ್ವೀಕರಿಸಿ ದೂರದ ನಗರದ ಪರಿಷ್ಕರಣ ಕೇಂದ್ರಕ್ಕೆ ಕಳುಹಿಸುವುದರ ಹೊರತು ಅವರ ಕೈಯಲ್ಲಿ ಹೆಚ್ಚೇನೂ ಇಲ್ಲ. ಆ ಕೇಂದ್ರದಲ್ಲಿ ಕುಳಿತವರಿಗೆ ಅರ್ಜಿದಾರನ ಸಿಬಿಲ್ ಅಂಕ ಗೊತ್ತು. ಅವನ ಅಂಗಡಿ ಯಾವ ಬೀದಿಯಲ್ಲಿದೆಯೆಂಬುದು ಗೊತ್ತಿಲ್ಲ.

ವಿಪರ್ಯಾಸವೆಂದರೆ, ಇಷ್ಟೊಂದು ಬ್ಯಾಂಕುಗಳ ತವರಾದ ಉಡುಪಿ ಜಿಲ್ಲೆಯಲ್ಲಿ ಠೇವಣಿಗೂ ಸಾಲಕ್ಕೂ ಇರುವ ಅನುಪಾತವು ಈಚಿನ ವರ್ಷಗಳಲ್ಲಿ ಶೇಕಡಾ 50ರ ಆಸುಪಾಸಿನಲ್ಲಿಯೇ ತೆವಳುತ್ತಿದೆ. ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಗಳಲ್ಲಿ ಅದನ್ನು ಏರಿಸಬೇಕೆಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ. ಗ್ರಾಮಾಂತರ ಮತ್ತು ಅರೆನಗರದ ಶಾಖೆಗಳಲ್ಲಿ ಈ ಅನುಪಾತವು ಶೇಕಡಾ 60ರಷ್ಟಾದರೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಹಳೆಯ ಆಶಯ. ದುಬೈಯಲ್ಲಿಯೋ ಮುಂಬಯಿಯಲ್ಲಿಯೋ ದುಡಿದ ಮಗನು ಊರಿಗೆ ಕಳುಹಿಸಿದ ನೂರು ರೂಪಾಯಿ ಊರಿನ ಶಾಖೆಯಲ್ಲಿ ಒಂದು ಗಳಿಗೆ ನಿಂತು, ಅದರ ಅರ್ಧವು ಮತ್ತೆ ಮುಂಬಯಿಗೇ ಹೊರಟುಹೋಗುತ್ತದೆ. ಮಗನೂ ಹೊರಗೆ, ಹಣವೂ ಹೊರಗೆ.

ಹತ್ತಿರದ ಸಾಲಿಗನಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನೋಡಬೇಕಾದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿಗೆ ಹೋಗಬೇಕು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗಿನ ಎಳೆಗಳನ್ನು ಕೊಂಡಿಹಾಕಿ ಜೋಡಿಸುವ ಆ ಊರಿನ ಕುಶಲವನ್ನು ಬೇರೆ ಮಗ್ಗಗಳಲ್ಲಿ ಕಾಣುವುದು ದುರ್ಲಭ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕೆ ದೊರೆತಿದೆ. ಆದರೆ ಇಳಕಲ್ಲಿನಲ್ಲಿಯೂ, ಖಣಕ್ಕೆ ಹೆಸರಾದ ಗುಳೇದಗುಡ್ಡದಲ್ಲಿಯೂ, ನೇಯುವವರಲ್ಲಿ ಎಷ್ಟೋ ಮಂದಿ ಸೀರೆಯ ಒಡೆಯರಲ್ಲ. ನೂಲು ಸಾವುಕಾರನದು, ರೇಷ್ಮೆ ಸಾವುಕಾರನದು, ಸಿದ್ಧವಾದ ಸೀರೆಯೂ ಸಾವುಕಾರನದು; ನೇಕಾರನದು ಮಜೂರಿ ಮಾತ್ರ. ಇದು ಸಾವುಕಾರನ ದುಷ್ಟತನವೆಂದು ನಾನು ಹೇಳುತ್ತಿಲ್ಲ. ಸಂಜೆ ಹೊತ್ತು ಮಗುವಿಗೆ ಜ್ವರ ಬಂದರೆ ಕೈಸಾಲ ಕೊಡತಕ್ಕವನೂ ಅವನೇ; ಸೀರೆ ಮಾರಿಹೋಗುವವರೆಗೆ ತಿಂಗಳುಗಟ್ಟಲೆ ಕಾಯತಕ್ಕವನೂ ಅವನೇ. ಅವನ ಬಲವಿರುವುದು ಒಂದೇ ಒಂದು ಸಂಗತಿಯಲ್ಲಿ: ಮಗ್ಗದ ಒಂದು ಹಾಸಿಗೆ ಬೇಕಾದ ನೂಲನ್ನು ಕೊಳ್ಳುವ ದುಡ್ಡು ಅವನಲ್ಲಿದೆ, ನೇಕಾರನಲ್ಲಿಲ್ಲ. ಅಷ್ಟೇ ದುಡ್ಡನ್ನು, ಸೀರೆ ಮಾರಿದ ಮೇಲೆ ಹಿಂತಿರುಗಿಸುವ ಕರಾರಿನ ಮೇಲೆ, ಆ ಬೀದಿಯ ಬ್ಯಾಂಕೊಂದು ಕೊಡಬಲ್ಲದಾದರೆ ಮಜೂರಿಯವನು ಉದ್ಯಮಿಯಾದಾನು. 2015ರಿಂದ ಇರುವ ಮುದ್ರಾ ಯೋಜನೆಯು ಮೇಲುನೋಟಕ್ಕೆ ಇದಕ್ಕೆಂದೇ ಹುಟ್ಟಿದಂತಿದೆ; 50,000 ರೂಪಾಯಿಗಳವರೆಗಿನ ಶಿಶು ಸಾಲಕ್ಕೆ ಅಡಮಾನವೂ ಬೇಡ. ಆದರೆ ಆ ಸಾಲವು ಒಮ್ಮೆ ಕೊಟ್ಟು ತಿಂಗಳು ತಿಂಗಳೂ ಕಂತು ವಸೂಲು ಮಾಡುವ ರೂಪದಲ್ಲಿಯೇ ಸಾಮಾನ್ಯವಾಗಿ ಬರುತ್ತದೆ. ಮದುವೆಯ ಕಾಲದಲ್ಲಿ ಸೀರೆ ಮಾರಿ, ಮಳೆಗಾಲದಲ್ಲಿ ಅದನ್ನು ಅಟ್ಟದ ಮೇಲಿಡುವ ವ್ಯವಹಾರಕ್ಕೆ ತಿಂಗಳ ಕಂತೆಂಬುದು ಒಗ್ಗದು. ಇದನ್ನು ಊರಿನವನು ಹೇಳದೆಯೇ ಬಲ್ಲ.

ಬ್ಯಾಂಕು ಬಿಟ್ಟುಹೋದ ಜಾಗವು ಬರಿದಾಗಿ ಉಳಿಯುವುದಿಲ್ಲ. ಅಲ್ಲಿ ಕಿರುಸಾಲದ ಕಂಪನಿಗಳು ಬಂದವು; ವಾರವಾರವೂ ಕಂತು, ಗುಂಪಿನ ಜಾಮೀನು, ತಪ್ಪಿದರೆ ಬಾಗಿಲಿನಲ್ಲಿ ಕೂಗಾಟ. ಕಿರುಕುಳಕ್ಕೆ ಬೇಸತ್ತು ಜನ ಊರು ಬಿಟ್ಟ, ಪ್ರಾಣವನ್ನೇ ಬಿಟ್ಟ ವಾರ್ತೆಗಳು ಒಂದರ ಮೇಲೊಂದು ಬಂದ ಮೇಲೆ, ಬಲವಂತದ ವಸೂಲಿಯನ್ನು ಶಿಕ್ಷಾರ್ಹವನ್ನಾಗಿ ಮಾಡುವ ಅಧ್ಯಾದೇಶವನ್ನು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಹೊರಡಿಸಿತು. ಸರಿಯಾದ ಕ್ರಮವೇ. ಬಂಡವಾಳಗಾರರ ಸಮಾವೇಶವೂ ಈ ಅಧ್ಯಾದೇಶವೂ ಒಂದೇ ತಿಂಗಳಿನಲ್ಲಿ ಬಂದವೆಂಬುದನ್ನು ಓದುಗರು ಗಮನಿಸಿರಬಹುದು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಇನ್ನೊಂದು ವಿಚಿತ್ರವೂ ಸಂಭವಿಸಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿಯವರಿಗೂ ತರಕಾರಿಯವರಿಗೂ ನೋಟೀಸುಗಳನ್ನು ಕಳುಹಿಸಿತು. ಗಾಬರಿಗೊಂಡ ಅಂಗಡಿಯವರು ಕ್ಯೂಆರ್ ಸಂಕೇತದ ಹಲಗೆಯನ್ನು ಕಿತ್ತು, ನಗದು ಮಾತ್ರವೆಂದು ಬರೆದು ತೂಗುಹಾಕಿದರು. ತೆರಿಗೆಯ ನ್ಯಾಯಾನ್ಯಾಯಗಳ ಚರ್ಚೆ ಇಲ್ಲಿ ಬೇಡ. ಆದರೆ ಬೇಕರಿಯವನ ನಾಲ್ಕು ವರ್ಷದ ವಹಿವಾಟು ತೆರಿಗೆಯವರ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣಿಸಬಲ್ಲದಾದರೆ, ಸಾಲ ಕೇಳಲು ಹೋದಾಗ ಬ್ಯಾಂಕಿನವರ ಕಣ್ಣಿಗೆ ಮಾತ್ರ ಅದು ಏಕೆ ಕಾಣಿಸುವುದಿಲ್ಲ? ಪಿಗ್ಮಿ ಏಜೆಂಟನ ತಲೆಯೊಳಗಿದ್ದ ದಾಖಲೆಗಿಂತ ನೂರು ಪಾಲು ಖಚಿತವಾದ ದಾಖಲೆ ಈಗ ಯಂತ್ರದಲ್ಲಿಯೇ ಇದೆ. ಅದು ದಂಡಕ್ಕೆ ಒದಗುವಷ್ಟು ಸುಲಭವಾಗಿ ನಂಬಿಕೆಗೆ ಒದಗುತ್ತಿಲ್ಲ.

ಸಾಲದ ಜೊತೆಗೆ ನೆಲದ ಮಾತೂ ಬರುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರಕ್ಕೂ ಅಲ್ಲಿಂದ ಕಬ್ಬಿಣದ ನೇಗಿಲಿಗೂ ಬಂದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಹೆದರಿ ಬಹುಕಾಲ ನೇಗಿಲನ್ನು ಕೊಳ್ಳಲಿಲ್ಲ; ಅದನ್ನೂ ಅವರು ತಾಳಿಕೊಂಡರು. ತಾಳಲಾಗದೆ ಹೋದದ್ದು ನಗರಸಭೆಯ ನೋಟೀಸನ್ನು. ಹೊಸ ಬಡಾವಣೆಗೆ ಜಾಗ ಬೇಕೆಂದು ಅವರ ಕಾರ್ಖಾನೆಯನ್ನು ತೆರವು ಮಾಡಿಸಲಾಯಿತು. ಆಗ ಔಂಧ ಸಂಸ್ಥಾನದ ದೊರೆಯು ತನ್ನ ರಾಜ್ಯದಲ್ಲಿ ಪಾಳುಬಿದ್ದ ನೆಲವನ್ನೂ ಸಾಲವನ್ನೂ ಕೊಟ್ಟು ಕರೆದನು. 1910ರಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಅದು ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಬೆಳಗಾವಿಯ ಉದ್ಯಮಬಾಗಿನ ಎರಕದ ಕಾರ್ಖಾನೆಗಳು ಮುಂದೆ ತಮ್ಮ ಸಾಹಸದಿಂದಲೇ ಹೆಸರು ಗಳಿಸಿದವು ನಿಜ. ಆದರೂ ಒಂದು ನೋಟೀಸು ಆ ಊರಿನಿಂದ ಏನನ್ನು ಕಳುಹಿಸಿಕೊಟ್ಟಿತೆಂಬುದನ್ನು ನೆನೆದರೆ, ಇಂದಿಗೂ ಪುರಸಭೆಯ ವ್ಯಾಪಾರ ಪರವಾನಗಿಗಾಗಿ ಅಲೆಯುವ ಹುಡುಗನ ವಿಷಯದಲ್ಲಿ ನಾವು ಸ್ವಲ್ಪ ಎಚ್ಚರದಿಂದಿರಬೇಕೆನಿಸುತ್ತದೆ.

ಇನ್ನು ಎರಡನೆಯ ನೆರೆ, ಗ್ರಾಹಕ. ಬೆಂಗಳೂರಿನ ಪೀಣ್ಯವನ್ನು ಏಷ್ಯದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲೊಂದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಿಯ ಸಾವಿರಾರು ಸಣ್ಣ ಕಾರ್ಖಾನೆಗಳು ಸರ್ಕಾರವು ನಿವೇಶನ ಹಂಚಿದುದರಿಂದ ಮಾತ್ರ ಬೆಳೆದುವೆಂದು ಭಾವಿಸುವವರಿದ್ದಾರೆ. ನಿವೇಶನವನ್ನು ಎಷ್ಟೋ ಊರುಗಳಲ್ಲಿ ಹಂಚಿದ್ದೇವೆ. ಪೀಣ್ಯದ ಭಾಗ್ಯವೆಂದರೆ, ಅದೇ ನಗರದಲ್ಲಿ ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐಗಳಂತಹ ಸಾರ್ವಜನಿಕ ಕಾರ್ಖಾನೆಗಳಿದ್ದು, ಅವು ಬೋಲ್ಟು ನಟ್ಟುಗಳಿಂದ ಹಿಡಿದು ನಾಜೂಕಾದ ಬಿಡಿಭಾಗಗಳವರೆಗೆ ಸಣ್ಣವರಿಂದ ಕೊಂಡವು. ತಮ್ಮಲ್ಲಿಯೇ ದುಡಿದು ಕಲಿತ ಕುಶಲಕರ್ಮಿಯು ಹೊರಬಂದು ಒಂದು ಲೇತ್ ಹಾಕಿಕೊಂಡರೆ, ಅವನ ಮೊದಲ ಗ್ರಾಹಕನು ಅವನ ಹಳೆಯ ಧಣಿಯೇ. ನಕ್ಷೆ ಓದುವುದು, ಮೈಕ್ರಾನಿನ ಲೆಕ್ಕದಲ್ಲಿ ಅಳೆಯುವುದು, ತಿರಸ್ಕೃತವಾದ ಮಾಲನ್ನು ಸಮಾಧಾನದಿಂದ ಮತ್ತೆ ಮಾಡಿಕೊಡುವುದು, ಇವೆಲ್ಲವನ್ನೂ ಆ ಗ್ರಾಹಕನೇ ಕಲಿಸಿದ. ಯಾವ ತರಬೇತಿ ಶಿಬಿರವೂ ಕಲಿಸಲಾರದ ವಿದ್ಯೆಯದು.

ತರಬೇತಿಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು, ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಂಥವೇ ಸಂಸ್ಥೆಗಳು ಹುಟ್ಟಲು ಮಾದರಿಯಾಯಿತು. ಅದರ ಗೆಲವಿಗೆ ಒಂದು ಮುಖ್ಯ ಕಾರಣ, ಕಲಿಸಿದವರ ಬೆನ್ನಿಗೇ ಸಾಲ ಕೊಡತಕ್ಕವರೂ ಇದ್ದರು, ಕಲಿತು ಹೋದವನು ಏನಾದನೆಂದು ವಿಚಾರಿಸುತ್ತಲೂ ಇದ್ದರು.

ಗ್ರಾಹಕನಿದ್ದರೆ ಸಾಲದು, ಅವನು ಹಣ ಕೊಡಬೇಕು. ಈ ಅಲ್ಪವಾದ ವಿಷಯದಲ್ಲಿಯೇ ನಮ್ಮ ಸಣ್ಣ ಉದ್ಯಮಗಳ ಅರ್ಧ ಆಯುಷ್ಯ ಸವೆದುಹೋಗುತ್ತಿದೆ. ಸಣ್ಣ ಉದ್ಯಮಗಳನ್ನು ಕುರಿತ 2006ರ ಕೇಂದ್ರ ಕಾಯಿದೆಯ ಪ್ರಕಾರ, ಸಣ್ಣವರಿಂದ ಸರಕು ಕೊಂಡವನು ಕರಾರಿದ್ದರೂ 45 ದಿನಗಳನ್ನು ಮೀರದಂತೆ, ಕರಾರಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಂತೆ ತೆರಬೇಕು. ಕಾಗದದ ಮೇಲೆ ಇದಕ್ಕಿಂತ ಕಠೋರವಾದ ನಿಯಮ ಬೇರೊಂದು ಬೇಕೆ? ಆದರೆ ದೊಡ್ಡ ಗ್ರಾಹಕನೊಬ್ಬನನ್ನೇ ನಂಬಿಕೊಂಡವನು ಅವನ ಮೇಲೆ ದೂರು ಕೊಟ್ಟರೆ, ಬಡ್ಡಿ ಬರುವುದಕ್ಕೆ ಮೊದಲೇ ಮುಂದಿನ ಆರ್ಡರು ನಿಂತುಹೋಗುತ್ತದೆ. ಆದುದರಿಂದ ದೂರು ಕೊಡುವವರು ಬಹುಮಟ್ಟಿಗೆ ವ್ಯಾಪಾರ ಮುರಿದುಕೊಂಡ ಮೇಲೆ ಕೊಡತಕ್ಕವರು. ಇದನ್ನು ಅರಿತು ಕೇಂದ್ರ ಸರ್ಕಾರವು ಆದಾಯ ತೆರಿಗೆಯ ಕಾಯಿದೆಯಲ್ಲಿ ಒಂದು ಹೊಸ ಉಪಬಂಧವನ್ನು ಸೇರಿಸಿತು: ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಸಲ್ಲಿಸದ ಹಣವನ್ನು, ವಾಸ್ತವವಾಗಿ ಸಲ್ಲಿಸುವ ವರ್ಷದವರೆಗೆ, ಖರ್ಚೆಂದು ತೋರಿಸುವಂತಿಲ್ಲ. ಜಾಣತನದ ಉಪಾಯ, ದೂರು ಕೊಡುವ ಹೊಣೆಯನ್ನು ಬಡವನ ಹೆಗಲಿನಿಂದ ತೆಗೆದು ತೆರಿಗೆಯ ಲೆಕ್ಕಿಗನ ಹೆಗಲಿಗೆ ಹಾಕಿತು. ಆದರೆ ಆದಾಯ ತೆರಿಗೆಯನ್ನೇ ಕೊಡದ ಗ್ರಾಹಕನೊಬ್ಬನಿದ್ದಾನೆ, ಅವನಿಗೆ ಈ ಉಪಬಂಧದ ಬಿಸಿ ತಟ್ಟಲಾರದು. ಅವನೇ ಸರ್ಕಾರ.

ಹಿಂದುಳಿದ ತಾಲ್ಲೂಕುಗಳಲ್ಲಿ ಖಾಸಗಿ ದೊಡ್ಡ ಕಾರ್ಖಾನೆಗಳು ವಿರಳ. ಅಲ್ಲಿ ಶಾಲೆಯ ಬೆಂಚುಗಳನ್ನೂ ಆಸ್ಪತ್ರೆಯ ಮಂಚಗಳನ್ನೂ ವಿದ್ಯಾರ್ಥಿನಿಲಯದ ಹಾಸಿಗೆಗಳನ್ನೂ ಸಮವಸ್ತ್ರದ ಹೊಲಿಗೆಯನ್ನೂ ಅಂಗನವಾಡಿಯ ಆಹಾರವನ್ನೂ ಕೊಳ್ಳತಕ್ಕ ಅತ್ಯಂತ ದೊಡ್ಡ ಗ್ರಾಹಕನು ಸರ್ಕಾರವೇ. ಪೀಣ್ಯಕ್ಕೆ ಎಚ್‌ಎಂಟಿ ಮಾಡಿದುದನ್ನು ಯಾದಗಿರಿಗೂ ಕೊಪ್ಪಳಕ್ಕೂ ಪಾವಗಡಕ್ಕೂ ಮಾಡಬಲ್ಲದು ಯಾವುದಾದರೂ ಇದ್ದರೆ ಅದು ಈ ಕೊಳ್ಳುವಿಕೆಯೇ. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ತಮ್ಮ ಕೊಳ್ಳುವಿಕೆಯ ಶೇಕಡಾ 25ನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಪಡೆಯಬೇಕೆಂಬ ನಿಯಮವಿದೆ. ರಾಜ್ಯದ ಟೆಂಡರುಗಳಾದರೋ ಇಡೀ ರಾಜ್ಯಕ್ಕೆ ಒಂದೇ ಗುತ್ತಿಗೆಯೆಂಬಂತೆ ಉಬ್ಬುತ್ತಿವೆ. ಹಾಗೆ ಉಬ್ಬಿದಷ್ಟೂ ಠೇವಣಿಯ ಮೊತ್ತವೂ ಹಿಂದಿನ ವರ್ಷಗಳ ವಹಿವಾಟಿನ ಷರತ್ತೂ ಏರಿ, ತಾಲ್ಲೂಕಿನ ಬಡಗಿಯೂ ಹೊಲಿಗೆಯ ಸಂಘವೂ ಬಾಗಿಲಿನ ಹೊರಗೇ ಉಳಿಯುತ್ತಾರೆ. ಅಕ್ರಮವನ್ನು ತಡೆಯಲು ಕೇಂದ್ರೀಕರಣವೆಂದು ಅಧಿಕಾರಿಗಳು ಸಮಾಧಾನ ಹೇಳುತ್ತಾರೆ. ಕೇಂದ್ರೀಕೃತವಾದ ಟೆಂಡರುಗಳಲ್ಲಿ ಅಕ್ರಮದ ಆಪಾದನೆಯೇ ಕೇಳಿಬಂದಿಲ್ಲವೆ? ದೊಡ್ಡ ಗುತ್ತಿಗೆಯನ್ನು ತಾಲ್ಲೂಕುವಾರು ಒಡೆದು, ಅಲ್ಲಿಯೇ ತಯಾರಿಸತಕ್ಕವರಿಗೆ ಅದರ ಒಂದು ಪಾಲನ್ನು ಮೀಸಲಿಟ್ಟು, ಗುಣಪರೀಕ್ಷೆಯನ್ನು ಮಾತ್ರ ಮೇಲಿನವರು ಕಟ್ಟುನಿಟ್ಟಾಗಿ ನಡೆಸುವುದು ಅಸಾಧ್ಯವಾದ ಕೆಲಸವಲ್ಲ.

ಇದರೊಡನೆ, ರಾಜ್ಯದ ಪ್ರತಿ ಇಲಾಖೆಯೂ ನಿಗಮವೂ ಸ್ಥಳೀಯ ಸಂಸ್ಥೆಯೂ ಸಣ್ಣ ಘಟಕಗಳಿಗೆ ಕೊಡಬೇಕಾದ ಬಿಲ್ಲುಗಳನ್ನು, ಸರಕು ಸ್ವೀಕರಿಸಿದ ತಾರೀಖಿನೊಡನೆ, ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸತಕ್ಕದ್ದೆಂದು ಒಂದು ಆಜ್ಞೆಯಾಗಲಿ. ಇದಕ್ಕೆ ಆಯವ್ಯಯದಲ್ಲಿ ಒಂದು ಕಾಸನ್ನೂ ತೆಗೆದಿಡಬೇಕಾಗಿಲ್ಲ. ಆಗುವ ವೆಚ್ಚವೆಲ್ಲ ಕೊಂಚ ಮುಜುಗರ ಮಾತ್ರ. ಬಂಡವಾಳದ ಮೇಲಿನ ಸಹಾಯಧನವನ್ನು ಹೆಚ್ಚಿಸಿರೆಂದು ಪ್ರತಿ ಕೈಗಾರಿಕಾ ನೀತಿಯ ಕಾಲದಲ್ಲಿಯೂ ಕೇಳುವ ಸಂಘಸಂಸ್ಥೆಗಳು ಇದನ್ನೊಂದು ಮೊದಲು ಕೇಳಿದ್ದರೆ ಚೆನ್ನಾಗಿತ್ತು. ಸಹಾಯಧನವು ಯಂತ್ರ ಕೊಳ್ಳುವವನಿಗೆ ದೊರೆಯುತ್ತದೆ. ಕೊಂಡ ಯಂತ್ರವನ್ನು ನಡೆಸುವವನು ಬಿಲ್ಲಿನ ಹಣಕ್ಕಾಗಿ ಕಾಯುತ್ತ, ಆ ಕಾಯುವಿಕೆಗೆ ಓವರ್‌ಡ್ರಾಫ್ಟಿನ ಬಡ್ಡಿಯನ್ನು ತಾನೇ ತೆರುತ್ತಾನೆ. ಅಂದರೆ ನಮ್ಮ ಸಣ್ಣ ಘಟಕಗಳು ಸರ್ಕಾರದಿಂದ ನೆರವು ಪಡೆಯುತ್ತಿವೆಯೆಂಬುದಕ್ಕಿಂತ, ಸರ್ಕಾರಕ್ಕೇ ಸಾಲ ಕೊಟ್ಟಿವೆಯೆಂಬುದು ಹೆಚ್ಚು ವಾಸ್ತವ.

ಸಾಲಿಗನ ವಿಷಯದಲ್ಲಿ ರಾಜ್ಯದ ಕೈ ಅಷ್ಟು ಉದ್ದವಲ್ಲ. ಬ್ಯಾಂಕುಗಳು ದೆಹಲಿ ಮುಂಬಯಿಗಳ ಅಧೀನ. ಆದರೂ ಒಂದು ಅವಕಾಶ ಕಣ್ಣೆದುರಿಗಿದೆ. ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕೆಂಬ ನೀತಿಯಂತೆ, 2025ರ ಮೇ 1ರಂದು ನಮ್ಮ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕು ಏರ್ಪಟ್ಟಿತು. ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲಿದೆ. ವಿಲೀನಗಳ ಈ ಯುಗದಲ್ಲಿ ಇಷ್ಟು ದೊಡ್ಡದೊಂದು ಬ್ಯಾಂಕಿನ ನಿರ್ಧಾರಸ್ಥಾನವು ಬೆಂಗಳೂರನ್ನೂ ಮುಂಬಯಿಯನ್ನೂ ಬಿಟ್ಟು ಕಲ್ಯಾಣ ಕರ್ನಾಟಕದ ಒಂದು ಊರಿನಲ್ಲಿ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ. ಅದರ ಸಿಬ್ಬಂದಿಯು ಬಹುಪಾಲು ಈ ನೆಲದ ಭಾಷೆಯನ್ನು ಬಲ್ಲವರು. ಅದರ ಷೇರುಗಳಲ್ಲಿ ಶೇಕಡಾ 15 ರಾಜ್ಯ ಸರ್ಕಾರದ್ದು. ಆ ಹದಿನೈದನ್ನು ಹಿಡಿದುಕೊಂಡು ಸರ್ಕಾರವು ಆಡಳಿತ ಮಂಡಳಿಯ ಮುಂದೆ ಮೂರು ಬೇಡಿಕೆಗಳನ್ನಿಡಬಹುದು. ಶಾಖೆ ಶಾಖೆಗೂ ಎಷ್ಟು ಠೇವಣಿ ಬಂತು, ಎಷ್ಟು ಸಾಲ ಅಲ್ಲಿಯೇ ಹೋಯಿತು ಎಂಬುದನ್ನು ಫಲಕದ ಮೇಲೆ ಬರೆದು ತೂಗುಹಾಕಬೇಕು. ಅಡಮಾನವಿಲ್ಲದ ಸಣ್ಣ ಸಾಲವನ್ನು, ಅಂಗಡಿಯನ್ನು ಕಣ್ಣಾರೆ ಕಂಡು, ಯುಪಿಐ ವಹಿವಾಟನ್ನು ನೋಡಿ, ತಾನೇ ಮಂಜೂರು ಮಾಡುವ ಅಧಿಕಾರವನ್ನು ವ್ಯವಸ್ಥಾಪಕರಿಗೆ ಒಪ್ಪಿಸಬೇಕು. ಸದುದ್ದೇಶದಿಂದ ಕೊಟ್ಟ ಸಾಲವೊಂದು ಮುಳುಗಿದರೆ ಅವರ ಬಡ್ತಿ ಮುಳುಗಬಾರದು. ಕಂತುಗಳು ಸುಗ್ಗಿಗೂ ಜಾತ್ರೆಗೂ ಮದುವೆಯ ಕಾಲಕ್ಕೂ ಹೊಂದಿಕೊಂಡಿರಬೇಕು. ಮುಂದಿನ ಹೂಡಿಕೆದಾರರ ಸಮಾವೇಶಕ್ಕೆ ಆಮಂತ್ರಣ ಪತ್ರಿಕೆಗಳನ್ನು ಅಚ್ಚುಹಾಕಿಸುವ ಮೊದಲು ಕೈಗಾರಿಕಾ ಸಚಿವರು ಒಮ್ಮೆ ಬಳ್ಳಾರಿಗೆ ಹೋಗಿ ಈ ಮಾತುಗಳನ್ನು ಆಡಿ ಬಂದರೆ, ಅಲ್ಲಿಯ ಉತ್ತರವೇನೆಂಬುದು ಇಳಕಲ್ಲಿಗೂ ಗುಳೇದಗುಡ್ಡಕ್ಕೂ ಬೇಗ ತಿಳಿದೀತು.